ಅನಾನ್ ಎಂದರೆ ಎಷ್ಟು ಹೊತ್ತು?
‘ಅನಾನ್’ ಎಂಬ ಕ್ರಿಯಾವಿಶೇಷಣ ಈಗ ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ಮೂಲೆ ಸೇರಿದೆ; ನಿಘಂಟು ಅದಕ್ಕೆ ‘ಸ್ವಲ್ಪ ಹೊತ್ತಿನಲ್ಲಿ’ ಎಂಬ ಅರ್ಥ ಕೊಡುತ್ತದೆ. ಹುಟ್ಟಿದಾಗ ಅದು ಇಷ್ಟು ಸೋಮಾರಿಯಾಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಆನ್’ ಎಂದರೆ ಒಂದು. ‘ಒಳಗೆ’ ಎಂಬರ್ಥದ ಪದವೊಂದು ಅದಕ್ಕೆ ಅಂಟಿಕೊಂಡು ‘ಒಂದೇ ಏಟಿಗೆ, ತಕ್ಷಣ’ ಎಂದಾಯಿತು. ಜನ ‘ತಕ್ಷಣ’ ಎನ್ನುತ್ತಲೇ ತಡಮಾಡಿದರು, ಅರ್ಥವೂ ತಡವಾಯಿತು. ಇದನ್ನು ಕಣ್ಣಾರೆ ನೋಡಬೇಕೆಂದರೆ ಷೇಕ್ಸ್‌ಪಿಯರನ ‘ನಾಲ್ಕನೆಯ ಹೆನ್ರಿ’ ಮೊದಲ ಭಾಗದ ಹೆಂಡದಂಗಡಿಗೆ ಹೋಗಬೇಕು. ಲಂಡನ್ನಿನ ಈಸ್ಟ್‌ಚೀಪ್, ಮದ್ಯ ತಂದುಕೊಡುವ ಹುಡುಗ ಫ್ರಾನ್ಸಿಸ್. ರಾಜಕುಮಾರ ಹಾಲ್ ಅವನನ್ನು ಮಾತಿಗೆಳೆದು ನಿಲ್ಲಿಸಿಕೊಂಡಿದ್ದಾನೆ, ಪಕ್ಕದ ಕೋಣೆಯಿಂದ ಗೆಳೆಯ ಪಾಯಿನ್ಸ್ ಬೇಕೆಂದೇ ಕೂಗುತ್ತಿದ್ದಾನೆ. ಆ ಕೂಗಿಗೆಲ್ಲ ಪಾಪ, ಹುಡುಗನ ಉತ್ತರ ಒಂದೇ, ‘ಅನಾನ್’. ಕಾಲು ಮಾತ್ರ ಕದಲದು. ನಮ್ಮ ಹೋಟೆಲ್ ಮಾಣಿ ಅಡುಗೆಮನೆ ಬಾಗಿಲಲ್ಲೇ ನಿಂತು ‘ಬಂದೆ ಸಾರ್’ ಎನ್ನುವುದಿಲ್ಲವೇ, ಹಾಗೆ (ನಾವು ಒಂದು ಕೈ ಮೇಲು, ಭೂತಕಾಲದಲ್ಲೇ ಭರವಸೆ!). ‘ಸೂನ್’ ಕತೆಯೂ ಇದೇ: ಸಾವಿರ ವರ್ಷದ ಹಿಂದೆ ಅದಕ್ಕೂ ‘ಈಗಲೇ’ ಎಂಬ ಅರ್ಥವಿತ್ತು. ಅಂದಹಾಗೆ, ಇಂಟರ್ನೆಟ್ಟಿನಲ್ಲಿ ಹೆಸರಿಲ್ಲದವರಿಗೆ ಅಂಟಿಸುವ ‘ಅನಾನ್’ಗೂ ಇದಕ್ಕೂ ಸಂಬಂಧವಿಲ್ಲ, ಅದು ‘ಅನಾನಿಮಸ್’ನ ತುಂಡು.