ಕುಂಬಾರನೂ ಗಡಿಗೆಯೂ: ಪೂರ್ವನಿಯತಿಯ ವಾದಕ್ಕೆ ಜೈನರ ಉತ್ತರ

ದಾವಣಗೆರೆ, ಹರಿಹರಗಳ ನಮ್ಮ ಮನೆಗಳ ಮಕ್ಕಳಲ್ಲಿ ಕ್ರೈಸ್ತ ಸಂಸ್ಥೆಗಳು ನಡೆಸುವ ಶಾಲೆಗಳಲ್ಲಿ ಓದಿದವರು ಹಲವರು. ಅಲ್ಲಿಂದ ಅವರು ಶಿಸ್ತನ್ನೂ ಒಳ್ಳೆಯ ವಿದ್ಯೆಯನ್ನೂ ತಂದಿದ್ದಾರೆ. ಜೊತೆಗೆ ಒಂದು ಪ್ರಶ್ನೆಯನ್ನೂ ತಂದಿದ್ದಾರೆ. "ಅವರ ದೇವರು ಪಾಪವನ್ನು ಕ್ಷಮಿಸುತ್ತಾನೆ, ನಮ್ಮ ತೀರ್ಥಂಕರರು ಏಕೆ ಕ್ಷಮಿಸುವುದಿಲ್ಲ?" ಈ ಪ್ರಶ್ನೆಗೆ ಹಿರಿಯರಾದ ನಾವು ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಕೊಡುತ್ತೇವೆ. ಒಂದು, ನಕ್ಕು ಸುಮ್ಮನಾಗುವುದು. ಇನ್ನೊಂದು, ಎಲ್ಲ ಧರ್ಮಗಳೂ ಹೇಳುವುದು ಒಂದನ್ನೇ ಎಂದು ಬಾಯಿ ಮುಚ್ಚಿಸುವುದು. ಇವೆರಡೂ ಉತ್ತರಗಳಲ್ಲ, ಉತ್ತರದಿಂದ ತಪ್ಪಿಸಿಕೊಳ್ಳುವ ದಾರಿಗಳು. ಎಲ್ಲ ಧರ್ಮಗಳೂ ಒಂದನ್ನೇ ಹೇಳುವುದಿಲ್ಲ. ಮನುಷ್ಯನ ಮುಕ್ತಿ ಯಾರ ಕೈಯಲ್ಲಿದೆ ಎಂಬ ವಿಷಯದಲ್ಲಂತೂ ನಮಗೂ ಅವರಿಗೂ ಇರುವ ಅಂತರ ಮೂಲದಿಂದಲೇ ಬೇರೆ. ಆ ಅಂತರವನ್ನು ಮೊದಲು ಪ್ರಾಮಾಣಿಕವಾಗಿ ತಿಳಿಯಬೇಕು, ಅನಂತರ ವಾದಿಸಬೇಕು.

ಕ್ರೈಸ್ತ ಮತದ ಪ್ರಕಾರ ಮನುಷ್ಯನು ಆದಿಪಾಪದಿಂದ ಕೆಟ್ಟವನು. ತನ್ನ ಬಲದಿಂದ ಅವನು ಮೇಲೇಳಲಾರ. ದೇವರ ಕೃಪೆ ಬೇಕು. ಇಲ್ಲಿಯವರೆಗೆ ಆ ಮತದ ಬಹುತೇಕ ಪಂಥಗಳವರು ಒಂದೇ. ಮುಂದಿನ ಪ್ರಶ್ನೆಯಲ್ಲಿ ಅವರು ಒಡೆದರು. ಆ ಕೃಪೆ ಯಾರಿಗೆ ಸಿಗುತ್ತದೆ? ಬೇಡಿದವರಿಗೆಲ್ಲ ಸಿಗುವುದೋ, ದೇವರು ಮೊದಲೇ ಆರಿಸಿದವರಿಗೆ ಮಾತ್ರವೋ? ಮನುಷ್ಯನು ತನ್ನ ಪ್ರಯತ್ನದಿಂದ ಪಾಪರಹಿತನಾಗಿ ಬಾಳಬಲ್ಲನೆಂದು ಪೆಲೇಜಿಯಸ್ ಎಂಬ ಸಾಧಕನು ವಾದಿಸಿದಾಗ, ಸಂತ ಅಗಸ್ಟೀನನು (354-430) ಅವನನ್ನು ಕಟುವಾಗಿ ಖಂಡಿಸಿದನು. 418ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಧರ್ಮಸಭೆ ಪೆಲೇಜಿಯಸನ ಮತವನ್ನು ತಿರಸ್ಕರಿಸಿತು. ಸಾವಿರ ವರ್ಷಗಳ ಮೇಲೆ ಅದೇ ವ್ಯಾಜ್ಯ ಮತ್ತೆ ಎದ್ದಿತು. 1524ರಲ್ಲಿ ಎರಾಸ್ಮಸನು ಇಚ್ಛಾಸ್ವಾತಂತ್ರ್ಯವನ್ನು ಸಮರ್ಥಿಸಿ ಬರೆದರೆ, ಮರುವರ್ಷವೇ ಲೂಥರನು ಮನುಷ್ಯನ ಇಚ್ಛೆ ಬಂಧನದಲ್ಲಿದೆ ಎಂದು ಉತ್ತರಿಸಿದನು. ಜಿನೀವಾದ ಕ್ಯಾಲ್ವಿನನು (1509-1564) ಇನ್ನೂ ಮುಂದೆ ಹೋಗಿ, ದೇವರು ಅನಾದಿಯಲ್ಲಿಯೇ ಕೆಲವರನ್ನು ಮುಕ್ತಿಗೂ ಉಳಿದವರನ್ನು ನರಕಕ್ಕೂ ನಿಯಮಿಸಿದ್ದಾನೆಂದು ಸ್ಪಷ್ಟವಾಗಿ ಬೋಧಿಸಿದನು. 1618-19ರಲ್ಲಿ ಹಾಲೆಂಡಿನ ಡಾರ್ಟ್ ಪಟ್ಟಣದ ಸಭೆ ಆರ್ಮಿನಿಯಸನ ಅನುಯಾಯಿಗಳ ಮಿತವಾದವನ್ನು ತಳ್ಳಿಹಾಕಿ, ಈ ಪೂರ್ವನಿಯತಿಯನ್ನೇ ಎತ್ತಿಹಿಡಿಯಿತು.

ಆದರೆ ಎಲ್ಲ ಕ್ರೈಸ್ತರ ಮೇಲೂ ಈ ವಾದವನ್ನು ಹೊರಿಸುವುದು ಅನ್ಯಾಯ. ಹರಿಹರದ ಆರೋಗ್ಯಮಾತೆಯ ಬಸಿಲಿಕಾಕ್ಕೆ ಸೇರಿದ ಕ್ಯಾಥೊಲಿಕರು ಇದನ್ನು ಒಪ್ಪುವವರಲ್ಲ. ಪಾಪದಿಂದ ಮನುಷ್ಯನ ಸ್ವತಂತ್ರ ಇಚ್ಛೆ ಕುಗ್ಗಿದೆಯೇ ಹೊರತು ನಾಶವಾಗಿಲ್ಲ, ಕೃಪೆಯೊಡನೆ ಅದು ಸಹಕರಿಸಬೇಕು ಎಂದು ಟ್ರೆಂಟ್ ನಗರದ ಸಭೆ 1547ರಲ್ಲಿ ತೀರ್ಮಾನಿಸಿತು. 1956ಕ್ಕೆ ಮೊದಲು ನಮ್ಮ ತುಂಗಭದ್ರೆಯೇ ಎರಡು ಸೀಮೆಗಳ ಗಡಿಯಾಗಿತ್ತು. ಹರಿಹರದ ಕಡೆ ಮೈಸೂರು ಸಂಸ್ಥಾನ, ಆಚೆ ದಡದಲ್ಲಿ ಮುಂಬಯಿ ಪ್ರಾಂತ. ಆಚೆಯ ಧಾರವಾಡ ಸೀಮೆಯಲ್ಲಿ 1837ರಿಂದ ಕೆಲಸ ಮಾಡಿದವರು ಬಾಸೆಲ್ ಮಿಷನ್ನಿನವರು; ಅವರಲ್ಲಿ ಬಹುಮಂದಿ ಜರ್ಮನಿಯ ಭಕ್ತಿಪಂಥದಿಂದ ಬಂದವರು, ಮುಕ್ತಿ ಕೃಪೆಯಿಂದಲೇ ಎಂದು ನಂಬಿದವರು. ಈಚೆಯ ಮೈಸೂರು ಸೀಮೆಯಲ್ಲಿ ದುಡಿದ ವೆಸ್ಲಿಯನ್ ಮಿಷನ್ನಿನ ಮೂಲಪುರುಷ ಜಾನ್ ವೆಸ್ಲಿಯಾದರೋ, 1739ರಲ್ಲಿಯೇ ಪೂರ್ವನಿಯತಿಯನ್ನು ದೇವರ ಕರುಣೆಗೆ ಕಳಂಕವೆಂದು ಸಾರಿದವನು. 1999ರ ಅಕ್ಟೋಬರ್ 31ರಂದು ಲೂಥರನ್ನರೂ ಕ್ಯಾಥೊಲಿಕರೂ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿ, ಕೃಪೆಯ ವಿಷಯದ ಹಳೆಯ ಜಗಳದ ಮುಖ್ಯ ಭಾಗವನ್ನು ಮುಗಿಸಿದರು. ಇಷ್ಟು ತಿಳಿಯದೆ "ಕ್ರೈಸ್ತರು ಹೀಗೆನ್ನುತ್ತಾರೆ" ಎಂದು ಮಾತು ತೆಗೆಯುವುದು ಅನೇಕಾಂತವನ್ನು ಪೂಜಿಸುವ ನಮಗೆ ಶೋಭಿಸದು.

ಹಾಗಿದ್ದರೂ ಪೂರ್ವನಿಯತಿಯ ವಾದಕ್ಕೆ ಅವರ ಗ್ರಂಥದಲ್ಲಿ ಆಧಾರವುಂಟು. ಪೌಲನು ರೋಮಿನವರಿಗೆ ಬರೆದ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಕುಂಬಾರನ ದೃಷ್ಟಾಂತ ಬರುತ್ತದೆ. ಒಂದೇ ಮಣ್ಣಿನಿಂದ ಕುಂಬಾರನು ಒಂದು ಪಾತ್ರೆಯನ್ನು ಗೌರವದ ಬಳಕೆಗೂ ಇನ್ನೊಂದನ್ನು ಹೀನ ಬಳಕೆಗೂ ಮಾಡಿದರೆ, ನನ್ನನ್ನೇಕೆ ಹೀಗೆ ಮಾಡಿದೆ ಎಂದು ಕೇಳುವ ಅಧಿಕಾರ ಪಾತ್ರೆಗಿಲ್ಲ ಎಂಬುದು ಅದರ ತಾತ್ಪರ್ಯ. ಅಗಸ್ಟೀನನೂ ಕ್ಯಾಲ್ವಿನನೂ ಈ ದೃಷ್ಟಾಂತವನ್ನೇ ನೆಮ್ಮಿ ನಿಂತರು.

ನಮ್ಮ ಪರಂಪರೆಯಲ್ಲಿಯೂ ಒಬ್ಬ ಕುಂಬಾರನಿದ್ದಾನೆ. ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಅವನ ಕಥೆ ಇದೆ. ದಿಗಂಬರರಾದ ನಾವು ಆ ಗ್ರಂಥವನ್ನು ಪ್ರಮಾಣವೆಂದು ಸ್ವೀಕರಿಸದಿದ್ದರೂ ಅದರೊಳಗಿನ ಯುಕ್ತಿ ಎರಡೂ ಆಮ್ನಾಯಗಳಿಗೆ ಸಮ್ಮತವೇ. ಪೋಲಾಸಪುರದ ಸದ್ದಾಲಪುತ್ತನು ಆಜೀವಿಕರ ಗುರು ಮಂಖಲಿ ಗೋಶಾಲನ ಅನುಯಾಯಿ. ಉದ್ಯಮವಿಲ್ಲ, ಬಲವಿಲ್ಲ, ವೀರ್ಯವಿಲ್ಲ, ಸಮಸ್ತವೂ ನಿಯತ ಎಂಬುದು ಗೋಶಾಲನ ಮತ. ಬಿಸಿಲಿಗೆ ಇಟ್ಟಿದ್ದ ಗಡಿಗೆಗಳನ್ನು ತೋರಿಸಿ ಭಗವಾನ್ ಮಹಾವೀರರು, ಇವು ಪ್ರಯತ್ನದಿಂದ ಆದವೋ ಪ್ರಯತ್ನವಿಲ್ಲದೆ ಆದವೋ ಎಂದು ಕೇಳಿದರು. ಮಣ್ಣು ಕಲಸಿ, ಚಕ್ರಕ್ಕೇರಿಸಿ ಮಾಡಿದ್ದೆಂದು ಆಗತಾನೆ ವಿವರಿಸಿದ್ದ ಕುಂಬಾರನು ತನ್ನ ಸಿದ್ಧಾಂತಕ್ಕೆ ಕಟ್ಟುಬಿದ್ದು, ಎಲ್ಲವೂ ನಿಯತಿಯಿಂದ ಎಂದನು. ಹಾಗಾದರೆ ಯಾರಾದರೂ ನಿನ್ನ ಗಡಿಗೆಗಳನ್ನು ಕದ್ದರೆ, ಒಡೆದರೆ, ನಿನ್ನ ಹೆಂಡತಿಯ ಮೇಲೆ ಕೈಮಾಡಿದರೆ ಏನು ಮಾಡುವೆ ಎಂದು ಭಗವಂತರು ಕೇಳಿದರು. ಹಿಡಿದು ದಂಡಿಸುವೆನೆಂದನು. ನಿಯತಿಯೇ ಮಾಡಿಸಿದ್ದಾದರೆ ಅವನಲ್ಲಿ ಅಪರಾಧವೆಲ್ಲಿ? ಅಪರಾಧವಿದೆಯೆಂದಾದರೆ ನಿನ್ನ ನಿಯತಿವಾದವೆಲ್ಲಿ? ಕುಂಬಾರನು ಸೋತು ಶ್ರಾವಕನಾದನು.

ಎರಡು ದೃಷ್ಟಾಂತಗಳ ಭೇದವನ್ನು ಗಮನಿಸಬೇಕು. ಅಲ್ಲಿ ಗಡಿಗೆ ಮಾತನಾಡಬಾರದು. ಇಲ್ಲಿ ಕುಂಬಾರನೇ ಉತ್ತರ ಹೇಳಬೇಕು. ಅಲ್ಲಿ ಮನುಷ್ಯನು ಮಣ್ಣು. ಇಲ್ಲಿ ಮನುಷ್ಯನು ಮಣ್ಣನ್ನು ಕಲಸುವವನು. ಮಹಾವೀರರು ಎತ್ತಿದ ಆಕ್ಷೇಪವು ಗೋಶಾಲನಿಗೆ ಎಷ್ಟು ತಟ್ಟುತ್ತದೆಯೋ ಕ್ಯಾಲ್ವಿನನಿಗೂ ಅಷ್ಟೇ ತಟ್ಟುತ್ತದೆ. ಆರಿಸುವವನೂ ಅವನೇ, ಕೈಬಿಡುವವನೂ ಅವನೇ, ಕೊನೆಗೆ ತೀರ್ಪು ಕೊಡುವವನೂ ಅವನೇ ಆದರೆ ಆ ನ್ಯಾಯಪೀಠದ ಮುಂದೆ ನಿಂತವನ ಅಪರಾಧ ಯಾವುದು?

ದೇವರು ಮುಂದಿನದನ್ನು ಬಲ್ಲನಷ್ಟೇ, ಬಲ್ಲುದರಿಂದ ಬಲವಂತವಾಗದು ಎಂದು ಅವರ ಪಂಡಿತರು ಸಮಾಧಾನ ಹೇಳುತ್ತಾರೆ. ನಮ್ಮ ಕೇವಲಜ್ಞಾನದ ವಿಷಯದಲ್ಲಿ ನಾವೂ ಇದನ್ನೇ ಹೇಳುತ್ತೇವೆ. ಆದರೆ ನಮ್ಮ ಬಾಯಲ್ಲಿ ಈ ಮಾತು ನಿಲ್ಲುತ್ತದೆ, ಅವರಲ್ಲಿ ನಿಲ್ಲುವುದಿಲ್ಲ. ಏಕೆಂದರೆ ಕೇವಲಿಯು ಜ್ಞಾತೃ ಮಾತ್ರ, ಸೃಷ್ಟಿಕರ್ತನಲ್ಲ. ಮತ್ತೊಬ್ಬನ ಅಂಗಡಿಯ ಲೆಕ್ಕವನ್ನು ಕಂಡು ಇವನು ದಿವಾಳಿಯಾಗುವನೆಂದು ತಿಳಿದ ಲೆಕ್ಕಪರಿಶೋಧಕನು ಆ ದಿವಾಳಿಗೆ ಹೊಣೆಗಾರನಲ್ಲ. ಆದರೆ ದಿವಾಳಿಯಾಗುವುದೆಂದು ಮೊದಲೇ ತಿಳಿದು ಆ ಅಂಗಡಿಯನ್ನು ತಾನೇ ಕಟ್ಟಿ, ಬಂಡವಾಳ ಹಾಕಿ, ಗುಮಾಸ್ತನನ್ನು ತಾನೇ ನೇಮಿಸಿದ ಮಾಲೀಕನು, ಕೊನೆಗೆ ಗುಮಾಸ್ತನನ್ನು ಜೈಲಿಗೆ ಕಳುಹಿಸಿದರೆ ಯಾರು ಒಪ್ಪುತ್ತಾರೆ? ಜ್ಞಾನವೂ ಸೃಷ್ಟಿಯೂ ಒಂದೇ ಕೈಯಲ್ಲಿ ಇರುವವರೆಗೆ ಈ ಗಂಟು ಬಿಚ್ಚುವುದಿಲ್ಲ. ಜಗತ್ತಿಗೆ ಕರ್ತೃವಿಲ್ಲವೆಂದು ನಮ್ಮ ಆಚಾರ್ಯರು ಹಟ ಹಿಡಿದದ್ದರ ನೈತಿಕ ಕಾರಣ ಇಲ್ಲಿದೆ.

ನಮ್ಮ ಉತ್ತರವೇನು? ಕರ್ಮವು ಹಣೆಬರಹವಲ್ಲ. ಅದು ಖಾತೆ. ಹಿಂದಿನ ವರ್ಷದ ಬಾಕಿಯನ್ನು ಈ ವರ್ಷದ ಮೊದಲ ಪುಟಕ್ಕೆ ತರಲೇಬೇಕು. ಆದರೆ ಈ ವರ್ಷದ ಜಮಾಖರ್ಚನ್ನು ಹಿಂದಿನ ವರ್ಷ ಬರೆಯಲಾರದು. ನಮ್ಮ ಶ್ರವಣಬೆಳಗೊಳದೊಡನೆ ಬೆಸೆದುಕೊಂಡಿರುವ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಕರ್ಮಕಾಂಡದಲ್ಲಿ ಕರ್ಮದ ಹತ್ತು ಕರಣಗಳನ್ನು ವಿವರಿಸಿದ್ದಾರೆ. ಕಟ್ಟಿದ ಕರ್ಮದ ಸ್ಥಿತಿಯನ್ನೂ ಅನುಭಾಗವನ್ನೂ ತಗ್ಗಿಸುವುದು ಅಪಕರ್ಷಣ, ಹೆಚ್ಚಿಸುವುದು ಉತ್ಕರ್ಷಣ, ಒಂದು ಪ್ರಕೃತಿಯನ್ನು ಸಜಾತೀಯವಾದ ಇನ್ನೊಂದಕ್ಕೆ ತಿರುಗಿಸುವುದು ಸಂಕ್ರಮಣ, ಕಾಲಕ್ಕೆ ಮೊದಲೇ ಉದಯಕ್ಕೆ ತರುವುದು ಉದೀರಣೆ. ಈ ಮಾರ್ಪಾಡುಗಳಿಗೆ ಬಗ್ಗದ ನಿಕಾಚಿತವೆಂಬುದೂ ಉಂಟು. ಆದರೆ ಅದು ಹತ್ತರಲ್ಲಿ ಒಂದು, ಹತ್ತೂ ಅದೇ ಅಲ್ಲ. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ದೈವ ಪೌರುಷಗಳ ವ್ಯಾಜ್ಯವನ್ನು ತೀರಿಸುತ್ತ, ನಾವು ಎಣಿಸದೆ ಬಂದೊದಗಿದ್ದರಲ್ಲಿ ದೈವವೂ, ಬುದ್ಧಿಪೂರ್ವಕವಾಗಿ ಮಾಡಿದ್ದರಲ್ಲಿ ಪೌರುಷವೂ ಪ್ರಧಾನವೆಂದು ನಿರ್ಣಯಿಸಿದರು. ಕಾಲ, ಸ್ವಭಾವ, ನಿಯತಿ, ಪೂರ್ವಕೃತ, ಪುರುಷಕಾರ ಇವುಗಳಲ್ಲಿ ಒಂದನ್ನೇ ಹಿಡಿಯುವುದು ಮಿಥ್ಯಾತ್ವ, ಐದನ್ನೂ ಕೂಡಿಸಿ ನೋಡುವುದು ಸಮ್ಯಕ್ತ್ವ ಎಂದು ಸಿದ್ಧಸೇನರು ಹೇಳಿದರು.

ಇಲ್ಲಿ ಪ್ರತಿವಾದಿಯು ನಮ್ಮನ್ನು ಕೇಳದೆ ಬಿಡಲಾರ: "ನಿಮ್ಮಲ್ಲಿ ಅಭವ್ಯ ಜೀವಗಳಿಲ್ಲವೆ? ಎಂದೆಂದಿಗೂ ಮೋಕ್ಷವಿಲ್ಲದ ಅವು ಮಾಡಿದ ತಪ್ಪೇನು?" ಈ ಆಕ್ಷೇಪವನ್ನು ನಾವು ಮುಚ್ಚಿಡಬಾರದು. ಅಭವ್ಯತ್ವವು ಯಾರ ಆಜ್ಞೆಯೂ ಅಲ್ಲ, ಪಾರಿಣಾಮಿಕ ಭಾವ. ಆದುದರಿಂದ ಪಕ್ಷಪಾತದ ದೋಷ ಯಾವ ನ್ಯಾಯಾಧೀಶನ ಮೇಲೂ ಬರುವುದಿಲ್ಲ. ಇದು ಅರ್ಧ ಉತ್ತರ. ಆ ಜೀವದ ಪಾಲಿಗೆ ಫಲವು ಒಂದೇ ಎಂಬ ಕಹಿ ಉಳಿದೇ ಉಳಿಯುತ್ತದೆ. ಹಾಗೆಯೇ ಸೋನಗಢದ ಕಾನಜಿ ಸ್ವಾಮಿಗಳು (1890-1980) ಪ್ರಚುರಪಡಿಸಿದ ಕ್ರಮಬದ್ಧಪರ್ಯಾಯದ ವಿಚಾರವಾಗಿ ನಮ್ಮ ಪಂಡಿತರಲ್ಲಿಯೇ ತೀವ್ರ ಚರ್ಚೆ ನಡೆಯಿತು. ಪ್ರತಿಯೊಂದು ಪರ್ಯಾಯವೂ ತನ್ನ ಕ್ರಮದಲ್ಲಿ ನಿಶ್ಚಿತ ಎಂದಾಗ ಪುರುಷಾರ್ಥಕ್ಕೆ ಎಡೆಯೆಲ್ಲಿ ಎಂದು ಒಂದು ಪಕ್ಷವೂ, ಆ ನಿಶ್ಚಯವನ್ನು ಅರಿಯುವುದೇ ಪುರುಷಾರ್ಥವೆಂದು ಇನ್ನೊಂದು ಪಕ್ಷವೂ ವಾದಿಸಿದವು. ಡಾರ್ಟಿನ ಜಗಳ ನಮ್ಮ ಸ್ವಾಧ್ಯಾಯಶಾಲೆಗಳಿಗೆ ಹೊಸದಲ್ಲ.

ಇಷ್ಟು ಹೇಳಿದ ಮೇಲೆ, ಈ ಲೇಖನದ ಮುಖ್ಯ ಮಾತಿಗೆ ಬರುತ್ತೇನೆ. ಶಾಸ್ತ್ರದಲ್ಲಿ ನಾವು ಪುರುಷಾರ್ಥವಾದಿಗಳು. ಮನೆಯಲ್ಲಿ, ಪೇಟೆಯಲ್ಲಿ ನಾವು ಗೋಶಾಲನ ಶಿಷ್ಯರು. ದಾವಣಗೆರೆಯ ಹತ್ತಿಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ, ಹಳೆಯ ಯಂತ್ರಗಳನ್ನೂ ಪವರ್‌ಲೂಮುಗಳ ಪೈಪೋಟಿಯನ್ನೂ ಕುರಿತು ಆಡಿದ್ದಕ್ಕಿಂತ ಊರಿನ ಹಣೆಬರಹವನ್ನು ಕುರಿತು ಆಡಿದ ಮಾತು ಹೆಚ್ಚು. ಮಗಳ ಮದುವೆಗೆ ಜಾತಕ, ಅಂಗಡಿಯ ಮುಹೂರ್ತಕ್ಕೆ ಜೋಯಿಸರು, ಕಾಯಿಲೆಗೆ ಹೊಂಬುಜದ ಪದ್ಮಾವತಿಗೆ ಹರಕೆ, ಅದೂ ಸಾಲದಿದ್ದರೆ ಹರಿಹರದ ಮಾತೆಗೆ ಮೇಣದಬತ್ತಿ. ಬಸಿಲಿಕಾಕ್ಕೆ ಬರುವ ಕ್ರೈಸ್ತನು ಕೃಪೆಯನ್ನು ನಂಬಿ ಕೃಪೆಯನ್ನೇ ಬೇಡುತ್ತಾನೆ. ಅವನ ನಂಬಿಕೆಗೂ ನಡೆಗೂ ಹೊಂದಿಕೆಯುಂಟು. ವೀತರಾಗನು ಏನನ್ನೂ ಕೊಡುವವನಲ್ಲ ಎಂದು ಕಲಿತು, ಅವನ ಮುಂದೆಯೇ ಲಾಭವನ್ನು ಬೇಡುವ ನಮ್ಮಲ್ಲಿ ಯಾವ ಹೊಂದಿಕೆಯಿದೆ?

ಇನ್ನೊಂದು ವಿಪರ್ಯಾಸವನ್ನು ನೋಡಿರಿ. ಮುಕ್ತಿಗೆ ಮನುಷ್ಯಪ್ರಯತ್ನ ಸಾಲದೆಂದು ನಂಬಿದ ಬಾಸೆಲ್ ಮಿಷನ್ನಿನ ಕಿಟ್ಟೆಲರು, ಜೈನನಾದ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ ಸಂಪಾದಿಸಿದರು. ವರ್ಷಾನುಗಟ್ಟಲೆ ದುಡಿದು 1894ರಲ್ಲಿ ಕನ್ನಡ ನಿಘಂಟನ್ನು ಮುಗಿಸಿದರು. ಪ್ರಯತ್ನದಿಂದಲೇ ಸರ್ವಸಿದ್ಧಿ ಎಂದು ನಂಬಿದ ನಮ್ಮ ಮನೆಗಳಲ್ಲಿ ಎಷ್ಟೋ ಓಲೆಗರಿಗಳು ಗೆದ್ದಲಿಗೆ ಆಹಾರವಾದವು. ಪೂರ್ವನಿಯತಿಯನ್ನು ನಂಬಿದವರು ಕೈಕಟ್ಟಿ ಕುಳಿತುಕೊಳ್ಳುತ್ತಾರೆಂದು ನಾವು ವಾದಿಸುವುದುಂಟು. ಕ್ಯಾಲ್ವಿನನ ಅನುಯಾಯಿಗಳು ಕುಳಿತುಕೊಳ್ಳಲಿಲ್ಲ. ತಾವು ಆಯ್ಕೆಯಾದವರೆಂಬ ಗುರುತನ್ನು ಹುಡುಕುತ್ತ ದುಡಿದರೆಂದು ಮ್ಯಾಕ್ಸ್ ವೆಬರ್ ಎಂಬ ಜರ್ಮನ್ ವಿದ್ವಾಂಸನು 1904-05ರಲ್ಲಿ ಪ್ರಸಿದ್ಧವಾಗಿ ವಾದಿಸಿದನು. ಅವರ ಸಿದ್ಧಾಂತ ದುರ್ಬಲ, ನಡತೆ ಪ್ರಬಲ. ನಮ್ಮದು ಅದರ ತಿರುಗುಮುರುಗು.

ಎಲ್ಲಕ್ಕಿಂತ ಘೋರವಾದದ್ದು ನಮ್ಮ ಬಾಯಲ್ಲಿ ಸಲೀಸಾಗಿ ಬರುವ ಎರಡು ಶಬ್ದ: "ಅವರ ಕರ್ಮ." ಗಂಡನನ್ನು ಕಳೆದುಕೊಂಡವಳಿಗೆ, ಅಂಗವಿಕಲ ಮಗುವನ್ನು ಹೆತ್ತವರಿಗೆ, ವ್ಯಾಪಾರದಲ್ಲಿ ಮುಳುಗಿದ ಬಂಧುವಿಗೆ ನಾವು ಇದನ್ನು ಹೇಳುತ್ತೇವೆ, ಹೇಳಿ ಕೈ ತೊಳೆದುಕೊಳ್ಳುತ್ತೇವೆ. ಇದು ಕ್ಯಾಲ್ವಿನನ ನಿಯತಿಗಿಂತ ನಿಷ್ಠುರ. ಅವನ ದೇವರು ಕೆಲವರನ್ನು ಕೈಬಿಟ್ಟನು. ಇಲ್ಲಿ ನಾವೇ ಕೈಬಿಡುತ್ತೇವೆ, ಹೊಣೆಯನ್ನು ಮಾತ್ರ ಕರ್ಮಕ್ಕೆ ಹೊರಿಸುತ್ತೇವೆ. ಅವರ ದುಃಖಕ್ಕೆ ಅವರ ಕರ್ಮೋದಯ ಕಾರಣವಿರಬಹುದು. ಅದನ್ನು ಕಂಡೂ ಸುಮ್ಮನಿರುವುದು ಯಾರ ಕರ್ಮ? ಅದು ನಮ್ಮದು, ಇಂದಿನದು, ಹೊಸದಾಗಿ ಕಟ್ಟುತ್ತಿರುವುದು. ಅನುಕಂಪೆಯು ಸಮ್ಯಕ್ತ್ವದ ಲಕ್ಷಣವೆಂದೂ, ವೈಯಾವೃತ್ಯವು ಅಂತರಂಗ ತಪಸ್ಸೆಂದೂ ಶಾಸ್ತ್ರ ಹೇಳಿರುವಾಗ, ಕರ್ಮಸಿದ್ಧಾಂತವು ನಿರ್ದಯತೆಗೆ ಪರವಾನಗಿಯಾದೀತು ಹೇಗೆ?

ಆದುದರಿಂದ ಬಸದಿಗಳ ಟ್ರಸ್ಟುಗಳವರಲ್ಲಿ ನನ್ನ ವಿನಂತಿ ಇಷ್ಟು. ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಒಂದು ದಿನವನ್ನಾದರೂ ಕರ್ಮದ ಹತ್ತು ಕರಣಗಳ ಪಾಠಕ್ಕೆ ಮೀಸಲಿಡಿ; ಕೇಳುವವರಲ್ಲಿ ಶಾಲೆಯ ಮಕ್ಕಳಿರಲಿ. ಉತ್ಸವದ ಆಯವ್ಯಯ ಪತ್ರದಲ್ಲಿ ಸಮಾಜದ ವಿಧವೆಯರಿಗೂ ರೋಗಿಗಳಿಗೂ ಸಾಲಗಾರರಿಗೂ ಒಂದು ಸ್ಥಿರ ಬಾಬ್ತನ್ನು ತೆರೆಯಿರಿ. ಉಳಿದರೆ ಕೊಡೋಣ ಎನ್ನಬೇಡಿ, ಕೊಟ್ಟು ಉಳಿದದ್ದರಲ್ಲಿ ಉತ್ಸವ ಮಾಡಿರಿ. ತಂದೆತಾಯಿಗಳಲ್ಲಿಯೂ ಒಂದು ಮಾತು. ತೀರ್ಥಂಕರರೇಕೆ ಕ್ಷಮಿಸುವುದಿಲ್ಲ ಎಂದು ಮಗು ಕೇಳಿದರೆ, ನಗಬೇಡಿರಿ. ನಿನ್ನನ್ನು ಕಟ್ಟಿಹಾಕಿದವರು ಅವರಲ್ಲ, ಆದುದರಿಂದ ಬಿಡಿಸುವವರೂ ಅವರಲ್ಲ. ಗಂಟು ಹಾಕಿದ್ದು ನಿನ್ನ ಕೈ, ಬಿಚ್ಚಬಲ್ಲದ್ದೂ ಅದೇ ಕೈ ಎಂದು ಹೇಳಿರಿ. ಹಾಗೆ ಹೇಳುವ ಹಕ್ಕು ನಮಗಿರಬೇಕಾದರೆ, ನಮ್ಮ ಕೈಗಳು ಮಡಿಲಲ್ಲಿ ಸುಮ್ಮನೆ ಮಲಗಿರಬಾರದು.