ಆಟದ ಯಂತ್ರವೂ ಮನೆಯ ಉಗ್ರಾಣವೂ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿಯೂ, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿಯೂ, ಚೆನ್ನೈಯ ರಿಚ್ಚಿ ಬೀದಿಯಲ್ಲಿಯೂ, ದಿಲ್ಲಿಯ ನೆಹರೂ ಪ್ಲೇಸಿನಲ್ಲಿಯೂ ಕಂಪ್ಯೂಟರಿನ ಭಾಗಗಳನ್ನು ಬಿಡಿಬಿಡಿಯಾಗಿ ಕೊಂಡು, ಮನೆಗೆ ತಂದು, ತಮ್ಮ ಕೈಯಾರೆ ಜೋಡಿಸಿಕೊಳ್ಳುವ ತರುಣರನ್ನು ಇಂದು ಧಾರಾಳವಾಗಿ ಕಾಣಬಹುದು. ಇದು ಬರಿಯ ಹುಡುಗಾಟಿಕೆಯೆಂದು ಮೂಗು ಮುರಿಯುವ ಹಿರಿಯರೊಡನೆ ನಮಗೆ ಸಹಮತವಿಲ್ಲ. ತಾನು ಬಳಸುವ ಯಂತ್ರದ ಒಳಗೇನಿದೆ, ಯಾವ ಭಾಗ ಯಾವ ಕೆಲಸ ಮಾಡುತ್ತದೆ, ಕೆಟ್ಟರೆ ಯಾವುದನ್ನು ಬದಲಿಸಬೇಕು ಎಂಬುದನ್ನು ತಿಳಿದವನು ಅಂಗಡಿಯವನ ಮಾತಿಗೆ ತಲೆದೂಗುವ ಗಿರಾಕಿಯಾಗಿ ಉಳಿಯುವುದಿಲ್ಲ; ಯಂತ್ರದ ನಿಜವಾದ ಒಡೆಯನಾಗುತ್ತಾನೆ.

ಈ ಸ್ವಾತಂತ್ರ್ಯವು ತಾನಾಗಿ ಒದಗಿದುದಲ್ಲ. 1981ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ, ಅದನ್ನು ಬಹುಮಟ್ಟಿಗೆ ಹೊರಗಿನವರಿಂದ ಕೊಂಡ ಭಾಗಗಳಿಂದಲೇ ಕಟ್ಟಿತ್ತು. ರಚನೆಯ ವಿವರಗಳನ್ನು ಪುಸ್ತಕರೂಪದಲ್ಲಿ ಪ್ರಕಟಿಸಿತ್ತು. 1995ರಲ್ಲಿ ಇಂಟೆಲ್ ಸಂಸ್ಥೆಯು ಎ.ಟಿ.ಎಕ್ಸ್. ಎಂಬ ಅಳತೆಯ ಕಟ್ಟಳೆಯನ್ನು ಮುಂದಿಟ್ಟಿತು. ಅಂದಿನಿಂದ ಒಬ್ಬರು ಮಾಡಿದ ಮದರ್‌ಬೋರ್ಡು ಇನ್ನೊಬ್ಬರು ಮಾಡಿದ ಕ್ಯಾಬಿನೆಟ್ಟಿನಲ್ಲಿ ಕೂರುತ್ತದೆ, ಮೂರನೆಯವರು ಮಾಡಿದ ಪವರ್ ಸಪ್ಲೈ ಅದಕ್ಕೆ ವಿದ್ಯುತ್ತನ್ನು ಊಡುತ್ತದೆ. ಬಾಗಿಲನ್ನು ತೆರೆದಿಟ್ಟುದರಿಂದಲೇ ಸಾಮಾನ್ಯನು ಒಳಗೆ ಕಾಲಿಡುವಂತಾಯಿತು.

ಆದರೆ ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದ ಮಾತ್ರಕ್ಕೆ ಆಯ್ಕೆಯು ವಿವೇಕದಿಂದ ಕೂಡಿರುತ್ತದೆಂದು ಹೇಳಲಾಗದು. ಆಟಕ್ಕೂ, ಮನೆಯ ಚಿತ್ರ, ಸಂಗೀತ, ಚಲನಚಿತ್ರಗಳ ಸಂಗ್ರಹಕ್ಕೂ ಒಂದೇ ಯಂತ್ರವನ್ನು ಕಟ್ಟಹೊರಟವರು ಸಾಮಾನ್ಯವಾಗಿ ಮಾಡುವುದೇನು? ಕೈಯಲ್ಲಿರುವ ಹಣದ ಬಹುಪಾಲನ್ನು ಮೊದಲಿಗೆ ಗ್ರಾಫಿಕ್ಸ್ ಕಾರ್ಡಿಗೆ ಎತ್ತಿಡುತ್ತಾರೆ, ಎರಡನೆಯದಾಗಿ ಪ್ರೊಸೆಸರು, ಆಮೇಲೆ ಬಣ್ಣದ ದೀಪಗಳುಳ್ಳ ಗಾಜಿನ ಕ್ಯಾಬಿನೆಟ್ಟು. ಕಟ್ಟಕಡೆಗೆ ಉಳಿದ ಚಿಲ್ಲರೆಯಲ್ಲಿ ಪವರ್ ಸಪ್ಲೈಯನ್ನೂ ಡಿಸ್ಕನ್ನೂ ಮುಗಿಸುತ್ತಾರೆ. ಈ ಕ್ರಮವು ತಲೆಕೆಳಗಾದುದೆಂಬುದೇ ನಮ್ಮ ವಾದ. ಆನೆಯನ್ನು ಕೊಂಡವನು ಅಂಕುಶಕ್ಕೆ ಲೋಭ ಮಾಡಿದರೆ ನಷ್ಟ ಅಂಕುಶದ್ದಲ್ಲ.

ಏತಕ್ಕೆಂದರೆ, ಈ ಯಂತ್ರವು ಹೊರಬೇಕಾದ ಎರಡು ಹೊಣೆಗಳು ಸ್ವಭಾವದಿಂದಲೇ ಭಿನ್ನವಾದುವು. ಆಟವೊಂದು ಅಳಿಸಿಹೋದರೆ ಅದನ್ನು ಮತ್ತೆ ಇಳಿಸಿಕೊಳ್ಳಬಹುದು. ಒಂದು ಸಂಜೆ ಹಾಳಾಯಿತೆಂದು ಬೇಸರಪಡುವುದಷ್ಟೇ. ಮದುವೆಯ ಚಿತ್ರಗಳು, ಮಗುವಿನ ಮೊದಲ ಹೆಜ್ಜೆಯ ಚಲನಚಿತ್ರ, ಹಳೆಯ ಕ್ಯಾಸೆಟ್ಟಿನಿಂದ ಎತ್ತಿಟ್ಟ ಅಜ್ಜಿಯ ಸೋಬಾನೆಯ ದನಿ, ಇವು ಹೋದರೆ ಯಾವ ಅಂಗಡಿಯಲ್ಲಿಯೂ ದೊರೆಯವು. ಪುನಃ ಪಡೆಯಬಹುದಾದುದಕ್ಕೆ ಸಾವಿರಾರು ರೂಪಾಯಿಗಳನ್ನು ಸುರಿದು, ಪುನಃ ಪಡೆಯಲಾಗದುದನ್ನು ಅಗ್ಗದ ಒಂದೇ ಡಿಸ್ಕಿನ ಮೇಲೆ ಬಿಟ್ಟುಬಿಡುವುದು ಯಾವ ಗೃಹಸ್ಥಧರ್ಮಕ್ಕೂ ಒಪ್ಪುವ ಮಾತಲ್ಲ.

ಸಂಗ್ರಹಕ್ಕೆ ವೇಗವೆಷ್ಟು ಬೇಕೆಂಬುದನ್ನು ಮೊದಲು ಲೆಕ್ಕ ಹಾಕೋಣ. ಮನೆಯಲ್ಲಿ ನೋಡುವ ಚಲನಚಿತ್ರಗಳಲ್ಲಿ ಅತ್ಯಂತ ಭಾರವಾದ 4ಕೆ ಬ್ಲೂ-ರೇ ತಟ್ಟೆಯೂ ಸೆಕೆಂಡಿಗೆ 128 ಮೆಗಾಬಿಟ್ಟುಗಳ ಆಸುಪಾಸಿನಲ್ಲಿ, ಎಂದರೆ ಸುಮಾರು 16 ಮೆಗಾಬೈಟುಗಳ ವೇಗದಲ್ಲಿ ಹರಿಯುತ್ತದೆ. ಸಾಧಾರಣ ಹಾರ್ಡ್ ಡಿಸ್ಕು ಅನುಕ್ರಮವಾಗಿ ಓದುವಾಗ ಸೆಕೆಂಡಿಗೆ 150 ಮೆಗಾಬೈಟುಗಳಿಗೂ ಮಿಗಿಲಾಗಿ ಕೊಡಬಲ್ಲುದು. 7,000 ಮೆಗಾಬೈಟುಗಳ ವೇಗದ ಎಸ್.ಎಸ್.ಡಿ.ಯನ್ನು ಚಲನಚಿತ್ರಗಳಿಂದ ತುಂಬಿಸುವುದು ಓಟದ ಕುದುರೆಗೆ ಗೊಬ್ಬರದ ಗಾಡಿಯನ್ನು ಕಟ್ಟಿದಂತೆ. ಆಟಗಳ ಸಂಗತಿ ಬೇರೆ. ಅವು ಸಾವಿರಾರು ಸಣ್ಣ ತುಣುಕುಗಳನ್ನು ಅಲ್ಲಲ್ಲಿಂದ ಹೆಕ್ಕಿ ಓದುತ್ತವೆ. ತಿರುಗುವ ಡಿಸ್ಕಿನ ಮುಳ್ಳು ಅತ್ತಿಂದಿತ್ತ ಅಲೆಯುವಷ್ಟರಲ್ಲಿ ಆಡುವವನ ತಾಳ್ಮೆ ತೀರುತ್ತದೆ. ಆದುದರಿಂದ ಆಪರೇಟಿಂಗ್ ಸಿಸ್ಟಮ್ಮಿಗೂ ಆಟಗಳಿಗೂ ಒಂದು ಎಸ್.ಎಸ್.ಡಿ., ಸಂಗ್ರಹಕ್ಕೆ ದೊಡ್ಡ ಹಾರ್ಡ್ ಡಿಸ್ಕು, ಈ ವಿಭಾಗವೇ ಮಿತವ್ಯಯಕ್ಕೂ ಸೌಖ್ಯಕ್ಕೂ ಅನುಕೂಲವಾದುದು. ಕೊಳ್ಳುವಾಗ ಇನ್ನೊಂದು ಲೆಕ್ಕವನ್ನೂ ನೆನಪಿಡತಕ್ಕದ್ದು. ಡಿಸ್ಕು ಮಾಡುವವರು ಹತ್ತರ ಲೆಕ್ಕದಲ್ಲಿ ಎಣಿಸಿದರೆ, ವಿಂಡೋಸ್ ಎರಡರ ಲೆಕ್ಕದಲ್ಲಿ ಎಣಿಸುತ್ತದೆ. ಆದಕಾರಣ 1 ಟೆರಾಬೈಟಿನ ಡಿಸ್ಕು ಪರದೆಯ ಮೇಲೆ ಸುಮಾರು 931 ಗಿಗಾಬೈಟಾಗಿ ಕಾಣುತ್ತದೆ. ಇದು ಮೋಸವಲ್ಲ.

ಆದರೆ ಮುಚ್ಚುಮರೆಯ ಪ್ರಸಂಗಗಳೂ ನಡೆದಿವೆ. ಕೆಲವು ಡಿಸ್ಕುಗಳಲ್ಲಿ ಬರಹದ ಸಾಲುಗಳನ್ನು ಮಾಡಿನ ಹೆಂಚುಗಳಂತೆ ಒಂದರ ಅಂಚಿನ ಮೇಲೆ ಇನ್ನೊಂದನ್ನು ಹೊದಿಸಿ ಜಾಗವನ್ನು ಉಳಿಸುತ್ತಾರೆ, ಇದಕ್ಕೆ ಎಸ್.ಎಂ.ಆರ್. ಎಂದು ಹೆಸರು. ನಡುವಿನ ಒಂದು ಹೆಂಚನ್ನು ಬದಲಿಸಲು ನೆರೆಯ ಹೆಂಚುಗಳನ್ನೂ ಕೀಳಬೇಕಾಗುವಂತೆ, ಇಲ್ಲಿಯೂ ಒಂದು ಸಾಲನ್ನು ತಿದ್ದಲು ಮುಂದಿನ ಸಾಲುಗಳನ್ನೂ ತಿರುಗಿ ಬರೆಯಬೇಕಾಗುತ್ತದೆ. ಒಮ್ಮೆ ತುಂಬಿ ಇಡುವ ಕೆಲಸಕ್ಕೆ ಇದು ಸಾಕಾದೀತು. ಹಲವು ಡಿಸ್ಕುಗಳನ್ನು ಒಂದಾಗಿ ಕಟ್ಟಿ ಬಳಸುವಲ್ಲಿ, ಕೆಟ್ಟ ಡಿಸ್ಕಿನ ಸ್ಥಾನದಲ್ಲಿ ಹೊಸದನ್ನು ತುಂಬುವ ಹೊತ್ತಿಗೆ ತೀರ ನಿಧಾನವಾಗುತ್ತದೆ. 2020ರಲ್ಲಿ, ವೆಸ್ಟರ್ನ್ ಡಿಜಿಟಲ್ ಸಂಸ್ಥೆಯು ಅಂತಹ ಕೆಲಸಕ್ಕೆಂದೇ ಮಾರುತ್ತಿದ್ದ ರೆಡ್ ಹೆಸರಿನ ಕೆಲವು ಡಿಸ್ಕುಗಳಲ್ಲಿ ಈ ಕ್ರಮವನ್ನು ಬಳಸಿಯೂ ಹೇಳದಿದ್ದುದು ಬೆಳಕಿಗೆ ಬಂದಿತು. ಗಿರಾಕಿಗಳ ಕೂಗು ಎದ್ದ ಬಳಿಕವೇ ಯಾವ ಡಿಸ್ಕಿನಲ್ಲಿ ಯಾವ ಕ್ರಮವಿದೆಯೆಂಬ ಪಟ್ಟಿ ಹೊರಬಿದ್ದಿತು. ಪ್ರಶ್ನಿಸುವ ಗಿರಾಕಿಯಿಲ್ಲದೆ ಸತ್ಯ ಹೇಳುವ ಮಾರುಕಟ್ಟೆ ಇಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಇನ್ನು, ಎರಡು ಡಿಸ್ಕುಗಳನ್ನು ಹಾಕಿ, ಒಂದರಲ್ಲಿ ಬರೆದುದು ಇನ್ನೊಂದರಲ್ಲಿಯೂ ಮೂಡುವಂತೆ ಮಾಡಿಬಿಟ್ಟರೆ ಸಂಗ್ರಹವು ಭದ್ರವಾಯಿತೆಂದು ನಂಬಿದವರು ಅನೇಕರು. ರೇಡ್ ಎಂಬ ಈ ಪದ್ಧತಿಗೆ 1980ರ ದಶಕದ ಕೊನೆಯಲ್ಲಿ ಬರ್ಕ್ಲಿಯ ವಿದ್ವಾಂಸರಾದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬವರು ಹೆಸರಿಟ್ಟರು. ಒಂದು ಡಿಸ್ಕು ಕೆಟ್ಟರೂ ಕೆಲಸ ನಿಲ್ಲದಿರಲೆಂಬುದೇ ಅದರ ಉದ್ದೇಶ. ಕೈತಪ್ಪಿ ಅಳಿಸಿದ ಕಡತವು ಎರಡರಲ್ಲಿಯೂ ಒಮ್ಮೆಗೇ ಅಳಿಯುತ್ತದೆ. ಸಿಡಿಲು ಬಡಿದರೆ ಒಂದೇ ಪೆಟ್ಟಿಗೆಯೊಳಗಿನ ಎರಡೂ ಸುಟ್ಟುಹೋಗುತ್ತವೆ. ಕಳ್ಳನು ಹೊತ್ತೊಯ್ದರೆ ಎರಡನ್ನೂ ಹೊತ್ತೊಯ್ಯುತ್ತಾನೆ. ಪ್ರತಿಬಿಂಬವು ಬೇರೆ, ಪ್ರತಿಯು ಬೇರೆ. ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ ಸೂತ್ರವು ಎಣಿಸಲು ಸುಲಭವಾದುದು: ಪ್ರತಿಗಳು 3, ಅವುಗಳನ್ನಿಡುವ ಸಾಧನಗಳ ಬಗೆ 2, ಮನೆಯಿಂದ ಹೊರಗೆ 1.

ದೊಡ್ಡ ಸಂಸ್ಥೆಗಳಿಗೂ ಈ ಪಾಠವು ಕಷ್ಟದಿಂದಲೇ ದೊರೆತಿದೆ. 1998ರಲ್ಲಿ ಪಿಕ್ಸಾರ್ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ 'ಟಾಯ್ ಸ್ಟೋರಿ 2' ಚಿತ್ರದ ಕಡತಗಳು ಒಂದು ತಪ್ಪು ಆಜ್ಞೆಯಿಂದ ಅಳಿಸಿಹೋಗತೊಡಗಿದುವು. ಕಾಪಿಟ್ಟ ಪ್ರತಿಗಳನ್ನು ತೆರೆದು ನೋಡಿದರೆ ಅವೂ ಸರಿಯಾಗಿರಲಿಲ್ಲ. ಚಿತ್ರವನ್ನು ಉಳಿಸಿದುದು ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸುಸ್ಮನ್ ಅವರ ಮನೆಯ ಕಂಪ್ಯೂಟರು. ಎಳೆಯ ಮಗುವಿದ್ದುದರಿಂದ ಅವರು ಮನೆಯಲ್ಲಿಯೇ ಕೆಲಸ ಮಾಡಲೆಂದು ಒಂದು ಪ್ರತಿಯನ್ನು ಅಲ್ಲಿ ಇರಿಸಿಕೊಂಡಿದ್ದರು. ಇದರಲ್ಲಿ ಎರಡು ನೀತಿಗಳಿವೆ. ಹೊರಗಿಟ್ಟ ಪ್ರತಿಯೇ ಆಪತ್ಕಾಲದ ಬಂಧುವೆಂಬುದು ಮೊದಲನೆಯದು. ತೆರೆದು ಪರೀಕ್ಷಿಸದ ಪ್ರತಿಯು ಪ್ರತಿಯೇ ಅಲ್ಲವೆಂಬುದು ಎರಡನೆಯದು.

ಡಿಸ್ಕಿನ ತರುವಾಯ ಪವರ್ ಸಪ್ಲೈ. ನಮ್ಮ ಊರುಗಳಲ್ಲಿ ವಿದ್ಯುತ್ತು ಹೋಗುವುದೂ, ಬರುವಾಗ ಒಮ್ಮೆಗೇ ಉಕ್ಕಿ ಬರುವುದೂ, ವೈಶಾಖದ ಗುಡುಗುಮಳೆಯೂ ಹೊಸ ಸಂಗತಿಗಳಲ್ಲ. ಹೆಸರಿಲ್ಲದ ಅಗ್ಗದ ಪವರ್ ಸಪ್ಲೈ ಕೆಡುವಾಗ ತಾನೊಂದೇ ಕೆಡದೆ ಮದರ್‌ಬೋರ್ಡನ್ನೂ ಡಿಸ್ಕುಗಳನ್ನೂ ಜೊತೆಗೆ ಸೆಳೆದುಕೊಂಡು ಹೋಗಬಲ್ಲುದು. 80 ಪ್ಲಸ್ ಎಂಬ ಗುರುತು ವಿದ್ಯುತ್ತಿನ ಮಿತವ್ಯಯವನ್ನು ಮಾತ್ರ ಹೇಳುತ್ತದೆ. ರಕ್ಷಣೆಯ ಏರ್ಪಾಡನ್ನೂ ಕಟ್ಟಡದ ಗಟ್ಟಿತನವನ್ನೂ ಅದರಿಂದಲೇ ಊಹಿಸಕೂಡದು. ತಯಾರಕರು ಎಷ್ಟು ವರ್ಷಗಳ ವಾರಂಟಿಯನ್ನು ಬರೆದುಕೊಡುತ್ತಾರೆಂಬುದನ್ನು ನೋಡಬೇಕು. ಬರೆಯುತ್ತಿರುವ ಡಿಸ್ಕಿಗೆ ನಡುವೆ ವಿದ್ಯುತ್ತು ತಪ್ಪದಂತೆ ಒಂದು ಯು.ಪಿ.ಎಸ್. ಜೊತೆಗಿದ್ದರೆ ಉತ್ತಮ.

ಮದರ್‌ಬೋರ್ಡನ್ನು ಆರಿಸುವಾಗ ಸಾಟಾ ಕಂಡಿಗಳೆಷ್ಟೆಂದು ಎಣಿಸತಕ್ಕದ್ದು. ಹಲವು ಬೋರ್ಡುಗಳಲ್ಲಿ ಎಂ.2 ಸ್ಥಾನವೊಂದನ್ನು ತುಂಬಿದ ಕೂಡಲೆ ಒಂದೆರಡು ಸಾಟಾ ಕಂಡಿಗಳು ನಿಶ್ಚೇಷ್ಟಿತವಾಗುತ್ತವೆ. ಈ ಮಾತು ಕೈಪಿಡಿಯ ಒಳಪುಟದಲ್ಲಿರುತ್ತದೆ, ಪೆಟ್ಟಿಗೆಯ ಮೇಲಿರುವುದಿಲ್ಲ. ಪ್ರೊಸೆಸರಿನ ವಿಷಯದಲ್ಲಿ, ಇಂಟೆಲ್ ಸಂಸ್ಥೆಯ 'ಎಫ್' ಅಕ್ಷರದ ಮಾದರಿಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಸ್ವಲ್ಪ ಹಣದ ಉಳಿತಾಯಕ್ಕೆಂದು ಅದನ್ನು ಕೊಂಡವನಿಗೆ, ಗ್ರಾಫಿಕ್ಸ್ ಕಾರ್ಡು ಕೆಟ್ಟ ದಿನ ಪರದೆಯೇ ಇಲ್ಲ. ಒಳಗಿನ ಗ್ರಾಫಿಕ್ಸ್ ಇದ್ದರೆ ಅದು ಚಲನಚಿತ್ರವನ್ನು ಬಿಡಿಸಿ ತೋರಿಸುವ ಕೆಲಸವನ್ನು ಕಡಿಮೆ ವಿದ್ಯುತ್ತಿನಲ್ಲಿ ಮಾಡಿಕೊಡುತ್ತದೆ. ದೊಡ್ಡ ಕಾರ್ಡನ್ನು ಮುಂದೆ ಅನುಕೂಲವಾದಾಗ ಸೇರಿಸಿಕೊಳ್ಳಬಹುದು. ರ್ಯಾಮನ್ನು ಒಂದೇ ಪಟ್ಟಿಯಾಗಿ ಕೊಳ್ಳುವುದಕ್ಕಿಂತ ಸಮನಾದ ಎರಡು ಪಟ್ಟಿಗಳಾಗಿ ಕೊಂಡರೆ ದಾರಿ ಇಮ್ಮಡಿ ಅಗಲವಾಗುತ್ತದೆ. ದೀರ್ಘಕಾಲ ಬಾಳುವ ಸಾಕೆಟ್ಟನ್ನು ಆರಿಸುವುದೂ ಜಾಣತನವೇ. ಎ.ಎಂ.ಡಿ. ಸಂಸ್ಥೆಯ ಎ.ಎಂ.4 ಸಾಕೆಟ್ಟಿನ ಬೋರ್ಡನ್ನು 2017ರಲ್ಲಿ ಕೊಂಡವರಲ್ಲಿ ಅನೇಕರು ಬಯಾಸನ್ನು ನವೀಕರಿಸಿ 2022ರ ಪ್ರೊಸೆಸರನ್ನು ಅದರಲ್ಲಿಯೇ ಕೂರಿಸಲು ಸಮರ್ಥರಾದರು.

ಈಗ ಗ್ರಾಫಿಕ್ಸ್ ಕಾರ್ಡು. ಅದನ್ನು ನಾವು ಬೇಡವೆನ್ನುತ್ತಿಲ್ಲ. ಆಟವೂ ಬಾಳಿನ ಒಂದು ಅಂಗವೇ. ಅದರ ಅಳತೆಯನ್ನು ಪರದೆ ನಿರ್ಣಯಿಸಲಿ ಎನ್ನುತ್ತೇವೆ. 1920×1080 ಪರದೆಯಲ್ಲಿ ಸುಮಾರು 20 ಲಕ್ಷ ಚುಕ್ಕಿಗಳಿದ್ದರೆ, 3840×2160 ಪರದೆಯಲ್ಲಿ ಸರಿಯಾಗಿ ಅದರ ನಾಲ್ಕರಷ್ಟು ಇರುತ್ತವೆ. ಸಣ್ಣ ಪರದೆಯನ್ನಿಟ್ಟುಕೊಂಡು ದೊಡ್ಡ ಪರದೆಯ ಕಾರ್ಡನ್ನು ಕೊಳ್ಳುವುದು ಗುಡಿಸಲಿಗೆ ದೇವಸ್ಥಾನದ ಗಂಟೆಯನ್ನು ತೂಗುಹಾಕಿದಂತೆ. ಅದೂ ಅಲ್ಲದೆ, ಈ ಭಾಗಗಳ ಬೆಲೆ ನಮ್ಮ ಕೈಯಲ್ಲಿಲ್ಲ. 2011ರಲ್ಲಿ ಥೈಲೆಂಡಿನಲ್ಲಿ ನೆರೆ ಬಂದಾಗ ಲೋಕದಲ್ಲೆಲ್ಲ ಹಾರ್ಡ್ ಡಿಸ್ಕಿನ ಬೆಲೆ ಏರಿತು. 2021ರಲ್ಲಿ ಕ್ರಿಪ್ಟೋ ನಾಣ್ಯದ ಹುಚ್ಚಿನಿಂದಲೂ ಚಿಪ್ಪುಗಳ ಅಭಾವದಿಂದಲೂ ಗ್ರಾಫಿಕ್ಸ್ ಕಾರ್ಡುಗಳು ಕೈಗೆಟುಕದಾದುವು. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ನಾಣ್ಯವು ಕಾರ್ಡುಗಳ ಅಗತ್ಯವನ್ನೇ ಬಿಟ್ಟುಕೊಟ್ಟಿತು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಹಸಿವಿನಿಂದ ರ್ಯಾಮಿನ ಬೆಲೆ ಗಗನಕ್ಕೇರಿತು. ಇಂತಹ ಪೇಟೆಯಲ್ಲಿ ಎಲ್ಲವನ್ನೂ ಒಂದೇ ದಿನ ಕೊಳ್ಳಬೇಕೆಂಬ ಆತುರವೇ ಅನರ್ಥಕ್ಕೆ ಮೂಲ. ಮುಂದೂಡಬಹುದಾದುದನ್ನು ಮುಂದೂಡುವ ಸೌಕರ್ಯವೇ ಸ್ವಂತ ಜೋಡಣೆಯ ಮುಖ್ಯ ಲಾಭ.

ಇಷ್ಟೆಲ್ಲ ಕಷ್ಟವೇಕೆ, ಚಿತ್ರಗಳನ್ನು ಕ್ಲೌಡಿನಲ್ಲಿ ಇಟ್ಟರಾಗದೆ ಎಂದು ಕೆಲವರು ಕೇಳಬಹುದು. ಮನೆಯಿಂದ ಹೊರಗಿನ ಪ್ರತಿಯಾಗಿ ಅದು ಯೋಗ್ಯವಾದುದೇ ಸರಿ. ಆದರೆ ತಿಂಗಳ ಬಾಡಿಗೆ ನಿಂತ ಮೇಲೆ ಬಾಡಿಗೆಯ ಮನೆಯಲ್ಲಿ ನಮ್ಮ ಪೆಟ್ಟಿಗೆಗಳಿಗೆ ಎಷ್ಟು ದಿನ ಠಾವು? ಅದೊಂದನ್ನೇ ನೆಚ್ಚಲಾಗದು. ಸಂಗ್ರಹಕ್ಕೆ ಪ್ರತ್ಯೇಕ ಪುಟ್ಟ ಯಂತ್ರವಿರಲೆಂಬ ಇನ್ನೊಂದು ಮಾತೂ ಸಾಧುವಾದುದೇ. ಶಕ್ತಿಯುಳ್ಳವರು ಹಾಗೆಯೇ ಮಾಡಲಿ. ಸುಮ್ಮನಿರುವಾಗ 60 ವಾಟು ಎಳೆಯುವ ಆಟದ ಯಂತ್ರವನ್ನು ಹಗಲಿರುಳು ಹಚ್ಚಿಟ್ಟರೆ ತಿಂಗಳಿಗೆ 43 ಯೂನಿಟ್ಟುಗಳು ವ್ಯರ್ಥವಾಗುತ್ತವೆ. ಎರಡು ಯಂತ್ರಗಳಿಗೆ ಶಕ್ತಿಯಿಲ್ಲದವರು ಬಳಸುವಾಗ ಹಚ್ಚಿ, ಮುಗಿದಾಗ ಆರಿಸಲಿ. ಮನೆಯ ಉಗ್ರಾಣದ ಬಾಗಿಲು ಇಪ್ಪತ್ತನಾಲ್ಕು ಗಂಟೆಯೂ ತೆರೆದಿರಬೇಕಾಗಿಲ್ಲ.

ಆದಕಾರಣ ಜೋಡಿಸಹೊರಟವರಿಗೆ ನಮ್ಮ ಸೂಚನೆ ಇಷ್ಟು. ಪಟ್ಟಿಯ ಮೊದಲ ಸಾಲಿನಲ್ಲಿ ಡಿಸ್ಕನ್ನು ಬರೆಯಿರಿ. ಎರಡನೆಯ ಸಾಲಿನಲ್ಲಿ ಅದರ ಪ್ರತಿಗಾಗಿ ಹೊರಗಿಡುವ ಇನ್ನೊಂದು ಡಿಸ್ಕನ್ನು ಬರೆಯಿರಿ. ಮೂರನೆಯದು ಪವರ್ ಸಪ್ಲೈ. ಗ್ರಾಫಿಕ್ಸ್ ಕಾರ್ಡು ಕೊನೆಯ ಸಾಲಿನಲ್ಲಿರಲಿ. ಈ ವರ್ಷ ಹಣ ಸಾಲದಿದ್ದರೆ ಆ ಸಾಲು ಬರುವ ವರ್ಷಕ್ಕೆ ಉಳಿಯಲಿ. ಪ್ರತಿಯೊಂದು ಭಾಗಕ್ಕೂ ಕ್ರಮಸಂಖ್ಯೆ ಸಹಿತವಾದ ರಸೀದಿಯನ್ನು ಕೇಳಿ ಪಡೆಯಿರಿ. ಇನ್ನು ವರ್ತಕರಿಗೂ ತಯಾರಕರಿಗೂ ಒಂದು ಮಾತು: ಡಿಸ್ಕಿನ ಬರಹದ ಕ್ರಮ, ಬೋರ್ಡಿನ ಮುಚ್ಚಿಹೋಗುವ ಕಂಡಿಗಳು, ವಾರಂಟಿಯ ಅವಧಿ, ಈ ಮೂರನ್ನೂ ಪೆಟ್ಟಿಗೆಯ ಹೊರಮೈಯಲ್ಲಿ ಎಲ್ಲರಿಗೂ ಕಾಣುವಂತೆ ಅಚ್ಚುಹಾಕುವುದಕ್ಕೆ ಅವರಿಗೆ ತಗಲುವ ಖರ್ಚು ಒಂದಿಷ್ಟು ಶಾಯಿ ಮಾತ್ರ.

ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ. ಡಿಸ್ಕು ಕೆಡುವುದೆ ಎಂಬುದು ಪ್ರಶ್ನೆಯೇ ಅಲ್ಲ, ಯಾವಾಗ ಎಂಬುದಷ್ಟೇ ಪ್ರಶ್ನೆ. ಆ ದಿನ ಗಾಜಿನ ಕ್ಯಾಬಿನೆಟ್ಟಿನೊಳಗಿನ ಬಣ್ಣದ ದೀಪಗಳು ಎಂದಿನಂತೆಯೇ ಉರಿಯುತ್ತಿರುತ್ತವೆ. ಅಜ್ಜಿಯ ದನಿ ಇನ್ನೊಂದು ಕಡೆ ಉಳಿದಿರುವುದೋ ಇಲ್ಲವೋ ಎಂಬುದನ್ನು ಮಾತ್ರ ಭಾಗಗಳ ಪಟ್ಟಿಯನ್ನು ಬರೆಯಲು ಕುಳಿತ ಇಂದೇ ನಿಶ್ಚಯಿಸಬೇಕು.