ಕವರಿನ ಬಾಯಿ ಭದ್ರವಾಗಿರಲಿ

ಮಳೆಗಾಲ ಹಿಡಿಯಿತೆಂದರೆ ನಮ್ಮ ಸಾಗರದ ಕಡೆ ಗೃಹಿಣಿಯರಿಗೆ ಒಂದೇ ಚಿಂತೆ. ಬೇಸಿಗೆಯಲ್ಲಿ ಬೆನ್ನು ಬಗ್ಗಿಸಿ ಲಟ್ಟಿಸಿ, ಕಾಗೆ ಕಾದು ಒಣಗಿಸಿದ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಹುರಿದು ಪುಡಿ ಮಾಡಿಟ್ಟ ಸಾರಿನ ಪುಡಿ ಇವೆಲ್ಲ ಥಂಡಿ ಹಿಡಿಯದಂತೆ ಕಾಪಾಡುವುದು ಹೇಗೆ? ಡಬ್ಬಿಗೆ ತುಂಬಿ ಮುಚ್ಚಳ ಬಿಗಿದರೂ ದಿನಕ್ಕೆರಡು ಸಲ ತೆರೆದಾಗ ಒಳಗೆ ತೇವ ಹೋಗಿಯೇ ಹೋಗುತ್ತದೆ. ಅದರ ಬದಲು ಸ್ವಲ್ಪಸ್ವಲ್ಪವೇ ಕವರಿಗೆ ಹಾಕಿ ಬಾಯಿ ಬೆಸೆದಿಟ್ಟರೆ ಬೇಕಾದಾಗ ಒಂದೊಂದೇ ಬಿಚ್ಚಿಕೊಳ್ಳಬಹುದು. ಮನೆಯಲ್ಲೇ ಪ್ಲಾಸ್ಟಿಕ್ ಕವರು ಅಂಟಿಸುವ ಕ್ರಮ ತಿಳಿಸಿ ಎಂದು ಕೆಲವು ಸೋದರಿಯರು ಕೇಳಿದ್ದಾರೆ. ಈ ಸಲ ಅದನ್ನೇ ಬರೆಯುತ್ತೇನೆ.

ಇದು ಬರೀ ಅಚ್ಚುಕಟ್ಟಿನ ಮಾತಲ್ಲ. ನಮ್ಮ ಬೀದಿಯಲ್ಲಿ ಒಬ್ಬಾಕೆ ಇದ್ದಾರೆ. ಗಂಡ ತೀರಿಕೊಂಡ ಮೇಲೆ ಚಕ್ಕುಲಿ, ಹಪ್ಪಳ ಮಾಡಿ ಅಂಗಡಿಗೆ ಕೊಟ್ಟೇ ಇಬ್ಬರು ಮಕ್ಕಳನ್ನು ಓದಿಸುತ್ತಿದ್ದಾರೆ. ಹೋದ ವರ್ಷ ಆಷಾಢದಲ್ಲಿ ಅಂಗಡಿಯವರು ನಲವತ್ತು ಪ್ಯಾಕೆಟ್ ಚಕ್ಕುಲಿ ವಾಪಸು ಕಳಿಸಿದರು, ಎಲ್ಲ ಮೆತ್ತಗಾಗಿದೆ ಅಂತ. ನಲವತ್ತು ಪ್ಯಾಕೆಟ್ ಅಂದರೆ ಆಕೆಗೆ ಹಿಟ್ಟು, ಎಣ್ಣೆ, ಗ್ಯಾಸು ಎಲ್ಲ ಸೇರಿ ಒಂದು ವಾರದ ದುಡಿಮೆ. "ಅಕ್ಕಾ, ಕವರು ಹೊಸತೇ. ಅಂಟಿದ್ದೂ ಕಣ್ಣಿಗೆ ಕಾಣ್ತದೆ. ಗಾಳಿ ಎಲ್ಲಿಂದ ಹೋಯ್ತು ಹೇಳಿ" ಎಂದು ಕೇಳಿದರು. ಒಂದು ಪ್ಯಾಕೆಟ್ ತೆಗೆದು ಕೆನ್ನೆಯ ಹತ್ತಿರ ಹಿಡಿದು ಮೆಲ್ಲಗೆ ಒತ್ತಿ ನೋಡಿದೆ. ಮೂಲೆಯಿಂದ ಸುಯ್ ಅಂತ ಗಾಳಿ ಬಂತು. ಬಾಯಿ ಅಂಟಿದಂತೆ ಕಾಣುತ್ತಿತ್ತು, ಅಷ್ಟೆ.

ಬಿಸಿ ತಾಗಿಸಿದರೆ ಪ್ಲಾಸ್ಟಿಕ್ ಅಂಟುತ್ತದೆ ಎಂದು ನಾವೆಲ್ಲ ತಿಳಿದಿರುತ್ತೇವೆ. ಬಿಸಿಗೆ ಅದು ಕರಗುವುದೇನೋ ನಿಜ. ಆದರೆ ಅಂಟು ಗಟ್ಟಿಯಾಗುವುದು ತಣಿಯುವಾಗ. ಪ್ಲಾಸ್ಟಿಕ್ಕಿನ ಒಳಗಿರುವುದು ಕಣ್ಣಿಗೆ ಕಾಣದಷ್ಟು ಸಣ್ಣ, ಉದ್ದುದ್ದ ಎಳೆಗಳು. ಬಿಸಿ ಶಾವಿಗೆಯ ಎರಡು ಒಬ್ಬೆಯನ್ನು ಒಂದರ ಮೇಲೊಂದು ಒತ್ತಿಟ್ಟು ಆರಲು ಬಿಟ್ಟರೆ ಎಳೆಗೆ ಎಳೆ ಸೇರಿಕೊಂಡು ಬಿಡಿಸಲು ಬರುವುದಿಲ್ಲ, ನೋಡಿದ್ದೀರಲ್ಲ? ಇದೂ ಹಾಗೆಯೇ. ಬಿಸಿ ಇರುವಾಗಲೇ ಎಳೆದುಬಿಟ್ಟರೆ ಎಳೆಗಳು ಹೆಣೆದುಕೊಳ್ಳುವ ಮೊದಲೇ ಬಿಟ್ಟುಕೊಳ್ಳುತ್ತವೆ. ಆಕೆ ಮಾಡುತ್ತಿದ್ದುದೂ ಅದೇ, ಅವಸರಕ್ಕೆ ಒಂದರ ಹಿಂದೊಂದು ಅಂಟಿಸಿ ಬುಟ್ಟಿಗೆ ಎಸೆಯುತ್ತಿದ್ದರು.

ಎಲ್ಲಕ್ಕಿಂತ ಕಡಿಮೆ ಖರ್ಚಿನ ಉಪಾಯ ಮೇಣದಬತ್ತಿಯದು. ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಎರಡು ತನ್ನಿ. ಕವರಿನ ಬಾಯಿಯನ್ನು ಎರಡೂ ಬ್ಲೇಡಿನ ನಡುವೆ ನೇರವಾಗಿ ಹಿಡಿದು, ಹಲ್ಲಿಲ್ಲದ ಅಂಚಿನಿಂದ ಅಕ್ಕಿಕಾಳಿನ ಅರ್ಧದಷ್ಟು ಮಾತ್ರ ಹೊರಗೆ ಬಿಡಿ. ಆ ಅಂಚನ್ನು ಜ್ವಾಲೆಯ ಪಕ್ಕದಲ್ಲಿ ನಿಧಾನವಾಗಿ ಒಂದೇ ಸಮನೆ ಹಾಯಿಸಿ. ತುದಿಗೆ ಹಿಡಿದರೆ ಮಸಿ ಕೂರುತ್ತದೆ, ತೂತೂ ಬೀಳುತ್ತದೆ. ಕರಗಿದ ಅಂಚು ಹಿಂದಕ್ಕೆ ಸರಿದು ದಾರದಂತೆ ಉರುಟಾಗುತ್ತದೆ. ಉಳಿದ ಭಾಗದ ಬಿಸಿಯನ್ನು ಬ್ಲೇಡು ಹೀರಿಕೊಳ್ಳುವುದರಿಂದ ಕವರು ಸುಡುವುದಿಲ್ಲ. ಹತ್ತು ಎಣಿಸಿದ ಮೇಲೆ ಬ್ಲೇಡು ಬಿಡಿ. ಸಾರಿನ ಪುಡಿಯ ಸಣ್ಣ ಕವರಿಗೆ ಇದು ಸಾಕು. ಆದರೆ ಈ ಬೆಸುಗೆ ದಾರದಷ್ಟೇ ಅಗಲ, ಮಡಚಿದರೆ ಸೀಳೀತು.

ಇಸ್ತ್ರಿಪೆಟ್ಟಿಗೆಯ ಬೆಸುಗೆ ಇದಕ್ಕಿಂತ ಅಗಲ, ಹಾಗಾಗಿ ಗಟ್ಟಿ. ಮಣೆಯ ಮೇಲೆ ಕವರಿಟ್ಟು, ಬಾಯಿಯ ಕೆಳಗೂ ಮೇಲೂ ಕೇಕ್ ಮಾಡುವವರು ಬಳಸುವ ಬೇಕಿಂಗ್ ಪೇಪರ್ ಹಾಕಿ. ಸುದ್ದಿಪತ್ರಿಕೆ ಬೇಡ, ಅಕ್ಷರವೆಲ್ಲ ಕವರಿಗೆ ಇಳಿದು ಕೂರುತ್ತದೆ. ಮೆದು ಪಾಲಿಥಿನ್ ಕರಗಲು ಸುಮಾರು 110 ಡಿಗ್ರಿ ಸೆಲ್ಸಿಯಸ್ ಸಾಕು. ಬಿಸ್ಕತ್ತಿನ ಕವರಿನಂತೆ ಚರಚರ ಸದ್ದು ಮಾಡುವ, ಕನ್ನಡಿಯಂಥ ಪಾಲಿಪ್ರೊಪಿಲೀನಿಗೆ 160ರ ಹತ್ತಿರ ಬೇಕು. ಹಾಗಾಗಿ ನೈಲಾನ್ ಗುರುತಿನಿಂದ ಶುರು ಮಾಡಿ, ಅಂಟದಿದ್ದರೆ ಒಂದೊಂದೇ ಗುರುತು ಏರಿಸಿ. ಬೇಡದ ತುಂಡಿನ ಮೇಲೆ ಪರೀಕ್ಷೆ ಮೊದಲು. ಪೆಟ್ಟಿಗೆಯ ಅಂಚನ್ನು ಮೂರು ನಾಲ್ಕು ಎಣಿಸುವಷ್ಟು ಹೊತ್ತು ಒತ್ತಿ, ತೆಗೆದ ಕೂಡಲೇ ಕಾಗದದ ಮೇಲೆಯೇ ತಣ್ಣಗಿನ ಸ್ಟೀಲ್ ಸ್ಕೇಲು ಇಟ್ಟು ಒತ್ತಿ ಹಿಡಿಯಿರಿ. ಪೂರ್ತಿ ಆರಿದ ಮೇಲೆ ಕಾಗದ ಬಿಡಿಸಿ. ಹಬೆ ಬಿಡುವ ಪೆಟ್ಟಿಗೆಯಾದರೆ ನೀರು ಹಾಕಬೇಡಿ. ಈಗಿನ ಹುಡುಗಿಯರ ಕೂದಲು ನೇರ ಮಾಡುವ ಇಕ್ಕಳದಿಂದಲೂ ಇದೇ ಕೆಲಸ ಆಗುತ್ತದೆ, ನಡುವೆ ಕಾಗದ ಇರಲೇಬೇಕು. ಮಗಳನ್ನು ಕೇಳಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಮನೆಯಲ್ಲಿ ರಾಮಾಯಣ!

ವ್ಯಾಪಾರಕ್ಕೆ ಮಾಡುವವರು ಎಂಟು ಇಂಚಿನ ಕೈ ಸೀಲಿಂಗ್ ಮೆಷಿನ್ ಕೊಳ್ಳುವುದೇ ಮೇಲು. ಒತ್ತಿದಾಗ ಮಾತ್ರ ಒಳಗಿನ ಪಟ್ಟಿ ಕ್ಷಣಕಾಲ ಕಾಯುತ್ತದೆ. ದೀಪ ಆರಿದ ತಕ್ಷಣ ಕೈ ಎತ್ತಬೇಡಿ, ಇನ್ನೂ ಮೂರು ಎಣಿಸಿ. ನಮ್ಮ ಬೀದಿಯ ಆಕೆ ಈಗ ಇದನ್ನೇ ಇಟ್ಟುಕೊಂಡಿದ್ದಾರೆ. ಎರಡೆರಡು ಸಾಲು ಬೆಸುಗೆ ಹಾಕುತ್ತಾರೆ.

ಬೆಸುಗೆ ಕೆಡಿಸುವ ಇನ್ನೊಂದು ಶತ್ರು ಬಾಯಿಗೆ ಮೆತ್ತಿದ ಪುಡಿ ಮತ್ತು ಎಣ್ಣೆ. ಕಾಗದ ಸುತ್ತಿ ಆಲಿಕೆ ಮಾಡಿ ಅದರಲ್ಲೇ ತುಂಬಿಸಿ, ಬಾಯಿಯನ್ನು ಒಣಬಟ್ಟೆಯಿಂದ ಒರೆಸಿ, ಮೇಲೆ ಎರಡು ಇಂಚು ಖಾಲಿ ಬಿಡಿ. ಹತ್ತಕ್ಕೊಂದು ಪ್ಯಾಕೆಟ್ಟನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ಒತ್ತಿ. ಗುಳ್ಳೆ ಎದ್ದರೆ ಆ ಹತ್ತನ್ನೂ ನೋಡಬೇಕು.

ಬಿಸಿ ಇರುವ ತಿಂಡಿಯನ್ನು ಎಂದೂ ಬೆಸೆಯಬೇಡಿ, ಹಬೆ ಒಳಗೇ ಬೆವರಿ ಬೂಸಲು ಬರುತ್ತದೆ. ಹಸಿ ಚಟ್ನಿ, ಎಣ್ಣೆಯಲ್ಲಿ ಹಾಕಿದ ಬೆಳ್ಳುಳ್ಳಿ ಇಂಥವನ್ನು ಗಾಳಿಯಾಡದಂತೆ ಬೆಸೆದು ಹೊರಗಿಡುವುದು ಅಪಾಯ. ಗಾಳಿಯಿಲ್ಲದ ಕಡೆ ಬೆಳೆದು ವಿಷವಾಗುವ ಕ್ರಿಮಿಗಳಿವೆ, ಅದರ ವಾಸನೆಯೂ ಗೊತ್ತಾಗದು. ಒಣ ಪದಾರ್ಥಕ್ಕಷ್ಟೇ ಈ ಉಪಾಯ. ಅದರಲ್ಲೂ ಕರಿದ ತಿಂಡಿ ಗರಿಗರಿಯಾಗಿ ಉಳಿದರೂ ತಿಂಗಳುಗಟ್ಟಲೆ ಇಟ್ಟರೆ ಎಣ್ಣೆ ಕಮಟು ಹಿಡಿಯುತ್ತದೆ. ಈ ಕವರುಗಳು ತೇವವನ್ನು ತಡೆದಷ್ಟು ಚೆನ್ನಾಗಿ ಗಾಳಿಯನ್ನು ತಡೆಯಲಾರವು. ಕಪ್ಪು ಕವರು, ಗುಜರಿಯಿಂದ ತಯಾರಾದ ಬಣ್ಣದ ಕವರು ಆಹಾರಕ್ಕೆ ಬೇಡವೇ ಬೇಡ. ಕೈಚೀಲದ ಪ್ಲಾಸ್ಟಿಕ್ ಅಂತೂ ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧವಾಗಿದೆ.

ಯಾವ ಪ್ಲಾಸ್ಟಿಕ್ ಎಂದು ತಿಳಿಯದಿದ್ದರೆ ಒಂದು ಚೂರು ಕತ್ತರಿಸಿ ನೀರಿನಲ್ಲಿ ಒದ್ದೆ ಮಾಡಿ ಅದ್ದಿ ಬಿಡಿ. ಪಾಲಿಥಿನ್, ಪಾಲಿಪ್ರೊಪಿಲೀನ್ ತೇಲುತ್ತವೆ. ಮೇಜಿನ ಹಾಸಿಗೆ ಬರುವ ದಪ್ಪ ಪಿವಿಸಿ ಮುಳುಗುತ್ತದೆ. ಮುಳುಗಿದ್ದನ್ನು ಬೆಂಕಿಯ ಹತ್ತಿರ ಒಯ್ಯಬೇಡಿ. ಕಣ್ಣು, ಗಂಟಲು ಉರಿಸುವ ಆಮ್ಲದ ಹೊಗೆ ಬರುತ್ತದೆ.

ಕೆಲಸಕ್ಕೆ ಕೂರುವಾಗ ಕಿಟಕಿ ತೆರೆದಿರಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿರಲಿ, ಮಕ್ಕಳು ದೂರವಿರಲಿ. ಗ್ಯಾಸ್ ಒಲೆಯ ಮೇಲೆ ಚಾಕು ಕಾಯಿಸಿ ಅಂಟಿಸುವವರನ್ನು ಕಂಡಿದ್ದೇನೆ, ನನಗಂತೂ ಅದು ಒಪ್ಪಿಗೆಯಿಲ್ಲ. ಕರಗಿದ ಪ್ಲಾಸ್ಟಿಕ್ ಬೆಲ್ಲದ ಪಾಕದಂತೆ ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ. ಹಾಗೇನಾದರೂ ಆದರೆ ಕೀಳಬೇಡಿ. ಇಪ್ಪತ್ತು ನಿಮಿಷ ನಲ್ಲಿಯ ನೀರಿನ ಕೆಳಗೆ ಹಿಡಿದು ಡಾಕ್ಟರ ಹತ್ತಿರ ಹೋಗಿ.

ದೊಡ್ಡ ಹಾಳೆ ಬೆಸೆಯುವ ಬಗ್ಗೆಯೂ ಒಬ್ಬರು ಕೇಳಿದ್ದರು. ಸೌದೆ ಮುಚ್ಚಲು, ಹಾಸಿಗೆ ಕಟ್ಟಿಡಲು ಎರಡು ಪಾಲಿಥಿನ್ ಹಾಳೆ ಜೋಡಿಸಬೇಕಾದರೆ ಇಸ್ತ್ರಿಪೆಟ್ಟಿಗೆಯೇ ಸರಿ. ಎರಡು ಇಂಚು ಒಂದರ ಮೇಲೊಂದು ಬರುವಂತೆ ಹಾಸಿ, ಮೊಳಮೊಳವೇ ಬೆಸೆಯುತ್ತ, ಬೆಸೆದ ಕಡೆ ಕಾಗದದ ಮೇಲೆ ಮಣೆಯಿಟ್ಟು ಅದರ ಮೇಲೆ ಕಲ್ಲುಗುಂಡು ಹೇರಿ ಮುಂದಕ್ಕೆ ಹೋಗಿ. ಮೂಲೆಗಳಲ್ಲಿ ಇನ್ನೊಂದು ಸಲ ಒತ್ತಿ, ಅಲ್ಲೇ ಮೊದಲು ಬಿಡುವುದು. ಅಂಗಡಿಗೆ ಮಾರುವ ಸೋದರಿಯರು ಆಹಾರ ಸುರಕ್ಷತಾ ನೋಂದಣಿ ಮಾಡಿಸಿಕೊಂಡು ಆ ಸಂಖ್ಯೆಯನ್ನೂ ತಯಾರಿಸಿದ ದಿನವನ್ನೂ ಚೀಟಿಯಲ್ಲಿ ಬರೆಯಬೇಕು. ಚೀಟಿಯನ್ನು ಬೆಸುಗೆಯ ಮೇಲೆ ಅಂಟಿಸಬೇಡಿ, ಕೆಳಗೆ ಅಂಟಿಸಿ. ಬೆಸುಗೆ ಕಣ್ಣಿಗೆ ಕಾಣುತ್ತಿರಬೇಕು.